ಆಯ, ಭಕ್ಷೀಸು, ಮಾಮೂಲು: ಪ್ರವಾಸಿಯ ಕೈಯೂ ದುಡಿಯುವವರ ಮರ್ಯಾದೆಯೂ

ಪ್ರವಾಸದ ದಾರಿಯಲ್ಲಿ ಸೇವೆ ಮಾಡಿದವರಿಗೆ ನಿಗದಿತ ಬೆಲೆಯ ಮೇಲೆ ಕೊಡುವ ಹಣಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಭಕ್ಷೀಸು, ಇನಾಮು, ಟಿಪ್ಸ್, ಖುಷಿ, ಕಾಫಿ ಖರ್ಚು ಎಂಬ ಮಾತುಗಳೆಲ್ಲ ಒಂದೇ ನೋಟನ್ನು ಸೂಚಿಸಿದರೂ ಕೊಡುವವರಿಗೂ ಪಡೆಯುವವರಿಗೂ ನಡುವಿನ ಬೇರೆ ಬೇರೆ ಸಂಬಂಧಗಳನ್ನು ಹೇಳುತ್ತವೆ. ಭಕ್ಷೀಸು ಫಾರ್ಸಿಯಿಂದ ಬಂದ ಪದ. ದಯಪಾಲಿಸುವುದು ಎಂಬುದು ಅದರ ಮೂಲದ ಅರ್ಥ. ಅರಬ್ಬಿ ಮೂಲದ ಇನಾಮು ಎಂಬುದು ಆಳುವವರು ಮೆಚ್ಚಿ ಕೊಟ್ಟ ಕೊಡುಗೆಯ ಹೆಸರಾಗಿತ್ತು. ಹಾಗೆ ಕೊಟ್ಟ ಭೂಮಿಯ ಇನಾಮುಗಳನ್ನು ರದ್ದುಪಡಿಸಲು ಮೈಸೂರು ರಾಜ್ಯವು 1954ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಎರಡೂ ಪದಗಳಲ್ಲಿ ಹಣ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕಾಫಿ ಖರ್ಚು ಎಂಬ ಮಾತಾದರೋ ಆ ಇಳಿಜಾರನ್ನು ಮರೆಮಾಡಿ, ಕೊಟ್ಟದ್ದು ತೀರ ಅಲ್ಪವೆಂದೂ ಪಡೆದವರ ಬದುಕಿಗೂ ಅದಕ್ಕೂ ಸಂಬಂಧವಿಲ್ಲವೆಂದೂ ಇಬ್ಬರಿಗೂ ನಂಬಿಸುತ್ತದೆ.

ಈ ಪದಗಳ ಜೊತೆಗೆ ಇನ್ನೆರಡು ಪದಗಳನ್ನು ಇಟ್ಟು ನೋಡಿದರೆ ಪ್ರಶ್ನೆ ಸ್ಪಷ್ಟವಾಗುತ್ತದೆ. ಹಳೆಯ ಹಳ್ಳಿಗಳಲ್ಲಿ ಬಡಗಿ, ಕಮ್ಮಾರ, ಅಗಸ, ತಳವಾರ, ತೋಟಿ, ನೀರುಗಂಟಿ ಮೊದಲಾದವರನ್ನು ಆಯಗಾರರು ಎಂದು ಕರೆಯುತ್ತಿದ್ದರು. ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯ ಕಣದಲ್ಲಿ ಅವರಿಗೆ ಅಳೆದುಕೊಡುತ್ತಿದ್ದ ಧಾನ್ಯದ ಪಾಲೇ ಆಯ. ಆ ವ್ಯವಸ್ಥೆ ಹುಟ್ಟಿನಿಂದಲೇ ಕೆಲಸವನ್ನು ಕಟ್ಟಿಹಾಕುತ್ತಿತ್ತು, ಜಾತಿಯ ಶ್ರೇಣಿಯನ್ನು ಕಾಯುತ್ತಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ಕೊನೆಗಾಣಿಸಿದ್ದು ನ್ಯಾಯವೇ ಆಗಿತ್ತು. ಆದರೆ ಆ ಹಳೆಯ ವ್ಯವಸ್ಥೆಯೊಳಗಿದ್ದ ಒಂದು ಅಂಶ ಗಮನಾರ್ಹ: ಆಯದ ಅಳತೆ ಮೊದಲೇ ಗೊತ್ತಿರುತ್ತಿತ್ತು, ಅದು ಕೊಡುವವನ ಆ ಹೊತ್ತಿನ ಮನಸ್ಸನ್ನು ಅವಲಂಬಿಸಿರಲಿಲ್ಲ. ಇನ್ನೊಂದು ಪದ ಮಾಮೂಲು. ರೂಢಿಯಲ್ಲಿರುವುದು ಎಂಬ ಸರಳ ಅರ್ಥದ ಈ ಪದ ಇಂದು ಲಂಚಕ್ಕೆ ಪರ್ಯಾಯ ಪದವಾಗಿದೆ. ಆಯವೆಂದರೆ ಹಕ್ಕು, ಭಕ್ಷೀಸು ಎಂದರೆ ದಯೆ, ಮಾಮೂಲು ಎಂದರೆ ಒತ್ತಾಯ. ಪ್ರವಾಸಿಯೊಬ್ಬ ಸೋಂಪಿನ ತಟ್ಟೆಯಲ್ಲಿಯೋ ಚಾಲಕನ ಕೈಯಲ್ಲಿಯೋ ಇಡುವ ನೋಟು ಈ ಮೂರರಲ್ಲಿ ಯಾವುದು ಎಂಬುದನ್ನು ನಿರ್ಧರಿಸುವುದು ಅವನ ಉದ್ದೇಶವೊಂದೇ ಅಲ್ಲ. ಪಡೆಯುವವರ ಸಂಬಳ ಎಷ್ಟು ಗಟ್ಟಿಯಾಗಿದೆ ಎಂಬುದೇ ಅದಕ್ಕಿಂತ ಹೆಚ್ಚಾಗಿ ನಿರ್ಧರಿಸುತ್ತದೆ. ಭಕ್ಷೀಸಿನ ಶಿಷ್ಟಾಚಾರದ ಚರ್ಚೆ ಎಷ್ಟು ಕೊಡಬೇಕು ಎಂಬಲ್ಲಿಗೇ ಮುಗಿದುಬಿಡುವುದರಿಂದ ಈ ಮೂಲ ಪ್ರಶ್ನೆ ಹಿಂದೆ ಉಳಿದಿದೆ.

ಕರ್ನಾಟಕದೊಳಗಿನ ಒಂದು ಸಾಮಾನ್ಯ ಪ್ರವಾಸವನ್ನೇ ತೆಗೆದುಕೊಂಡರೆ, ಅದು ಎಷ್ಟು ಕೈಗಳ ಮೇಲೆ ನಿಂತಿದೆ ಎಂಬುದು ತಿಳಿಯುತ್ತದೆ. ಬಾಡಿಗೆ ವಾಹನದ ಚಾಲಕ, ಲಾಡ್ಜಿನ ಕೋಣೆ ಗುಡಿಸುವವರು, ಹೋಮ್‌ಸ್ಟೇಯ ಅಡುಗೆಯವರು, ಹಂಪಿಯ ಮಾರ್ಗದರ್ಶಿ, ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರು, ನಾಗರಹೊಳೆ ಬಂಡೀಪುರಗಳ ಸಫಾರಿ ಚಾಲಕರು, ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಾಯುವವರು, ಇವರಲ್ಲಿ ಬಹಳ ಮಂದಿಯ ದುಡಿಮೆ ಋತುವಿಗೆ ಕಟ್ಟುಬಿದ್ದದ್ದು. ಜೋಗ ತುಂಬಿ ಹರಿಯುವ ಮಳೆಗಾಲ, ದಸರೆಯ ರಜೆ, ಡಿಸೆಂಬರಿನ ಕೊನೆಯ ವಾರ ಕಳೆದ ಮೇಲೆ ಕೋಣೆಗಳೂ ದೋಣಿಗಳೂ ಖಾಲಿ ಬೀಳುತ್ತವೆ. ಮನೆಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಸಂಘದ ಸಾಲದ ಕಂತು ಮಾತ್ರ ಋತು ನೋಡಿ ಬರುವುದಿಲ್ಲ. ಹೀಗೆ ಏರಿಳಿಯುವ ವರಮಾನದ ಮೇಲೆ ಭಕ್ಷೀಸನ್ನು ಹೊರಿಸಿದರೆ ಅಸ್ಥಿರತೆಯ ಮೇಲೆ ಇನ್ನೊಂದು ಅಸ್ಥಿರತೆಯನ್ನು ಪೇರಿಸಿದಂತಾಗುತ್ತದೆ.

ಭಾರತದ ನ್ಯಾಯಾಲಯಗಳು ಭಕ್ಷೀಸಿಗೂ ಸಂಬಳಕ್ಕೂ ನಡುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆದಿವೆ. 1976ರಲ್ಲಿ ಜೈಪುರದ ರಾಮಬಾಗ್ ಪ್ಯಾಲೇಸ್ ಹೋಟೆಲಿನ ಕಾರ್ಮಿಕ ವಿವಾದದಲ್ಲಿ, ಗಿರಾಕಿಗಳಿಂದ ಬರುವ ಟಿಪ್ಸ್ ಮಾಲೀಕರ ಬೊಕ್ಕಸದಿಂದ ಬಂದದ್ದಲ್ಲವಾದ್ದರಿಂದ ಅದು ಸಂಬಳವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2016ರಲ್ಲಿ ಐಟಿಸಿ ಹೋಟೆಲುಗಳ ಆದಾಯ ತೆರಿಗೆ ಪ್ರಕರಣದಲ್ಲಿಯೂ ಅದೇ ನ್ಯಾಯಾಲಯ, ಟಿಪ್ಸ್ ಕೊಡುವ ಒಪ್ಪಂದದ ಬಾಧ್ಯತೆ ಮಾಲೀಕರಿಗೆ ಇಲ್ಲದಿರುವುದರಿಂದ ಅದನ್ನು ಸಂಬಳದ ಆದಾಯವೆಂದು ಎಣಿಸಿ ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕಿಲ್ಲ ಎಂದು ತೀರ್ಮಾನಿಸಿತು. ಈ ತೀರ್ಪುಗಳು ಎರಡು ದಿಕ್ಕಿನ ಅರ್ಥವುಳ್ಳವು. ಭಕ್ಷೀಸು ಬರುತ್ತದೆಂಬ ನೆಪದಲ್ಲಿ ಸಂಬಳವನ್ನು ತಗ್ಗಿಸಬಾರದು ಎಂಬ ವಾದಕ್ಕೆ ಅವು ಬಲ ಕೊಡುತ್ತವೆ. ಜೊತೆಗೆ, ಭಕ್ಷೀಸಿನಿಂದಲೇ ಸಂಸಾರ ನಡೆಸುವ ಮಾಣಿಯ ಆ ಆದಾಯಕ್ಕೆ ಭವಿಷ್ಯ ನಿಧಿಯಾಗಲಿ, ಕಾರ್ಮಿಕ ವಿಮೆಯಾಗಲಿ, ನಿವೃತ್ತಿಯ ಹೊತ್ತಿನ ಗ್ರಾಚ್ಯುಟಿಯಾಗಲಿ ಲೆಕ್ಕ ಹಾಕುವುದಿಲ್ಲ ಎಂಬ ವಾಸ್ತವವನ್ನೂ ತೋರಿಸುತ್ತವೆ. ಮೂವತ್ತು ವರ್ಷ ಟಿಪ್ಸಿನ ಮೇಲೆ ಬದುಕಿದವರ ಬಳಿ ಮೂವತ್ತು ವರ್ಷದ ದುಡಿಮೆಗೆ ದಾಖಲೆ ಇರುವುದಿಲ್ಲ.

ಸಂಬಳದ ಜಾಗಕ್ಕೆ ಭಕ್ಷೀಸು ಬಂದು ಕೂತರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಚರಿತ್ರೆ ಸ್ಪಷ್ಟವಾದ ಸಾಕ್ಷಿ. ಅಲ್ಲಿನ ಅಂತರ್ಯುದ್ಧ 1865ರಲ್ಲಿ ಮುಗಿದ ಮೇಲೆ, ಮಲಗುವ ಸೌಕರ್ಯದ ರೈಲುಗಾಡಿಗಳನ್ನು ನಡೆಸುತ್ತಿದ್ದ ಪುಲ್‌ಮನ್ ಕಂಪನಿಯು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರನ್ನು ಗಾಡಿಯ ಸೇವಕರನ್ನಾಗಿ ನೇಮಿಸಿಕೊಂಡು, ಅತಿ ಕಡಿಮೆ ಸಂಬಳ ಕೊಟ್ಟು, ಉಳಿದದ್ದನ್ನು ಪ್ರಯಾಣಿಕರ ಭಕ್ಷೀಸಿಗೆ ಬಿಟ್ಟುಬಿಟ್ಟಿತು. ಕಂಪನಿಯ ಒಡೆಯನ ಹೆಸರು ಜಾರ್ಜ್ ಆಗಿದ್ದುದರಿಂದ ಪ್ರಯಾಣಿಕರು ಸೇವಕರೆಲ್ಲರನ್ನೂ ಜಾರ್ಜ್ ಎಂದೇ ಕರೆಯುತ್ತಿದ್ದರು. ಕೈಚಾಚಿ ಬದುಕಬೇಕಾದವರಿಗೆ ಸ್ವಂತ ಹೆಸರೂ ಉಳಿಯಲಿಲ್ಲ. ಕರಾವಳಿಯ ಹೋಟೆಲುಗಳಿಂದ ಬಂದು ನಾಡಿಗೆಲ್ಲ ಪರಿಚಿತವಾದ ಮಾಣಿ ಎಂಬ ಪದಕ್ಕೆ ಹುಡುಗ ಎಂದೇ ಅರ್ಥ, ಅದನ್ನು ಐವತ್ತು ದಾಟಿದವರಿಗೂ ಬಳಸುವಾಗ ಅದೇ ನೋವು ಇಲ್ಲಿಯೂ ನೆನಪಾಗಬೇಕು. ಆ ರೈಲು ಸೇವಕರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ನಾಯಕತ್ವದಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪನಿಯಿಂದ ವೇತನ ಒಪ್ಪಂದ ಪಡೆದರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಭಕ್ಷೀಸನ್ನೇ ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು; ಆದರೆ ಸಂಬಳ ಹೆಚ್ಚಿಸದೆ ಟಿಪ್ಸನ್ನು ಮಾತ್ರ ತಡೆಯುವ ಆ ಕಾನೂನುಗಳಲ್ಲಿ ಒಂದೂ 1926ರ ಹೊತ್ತಿಗೆ ಉಳಿದಿರಲಿಲ್ಲ. ಒಕ್ಕೂಟ ಸರ್ಕಾರದ ಕನಿಷ್ಠ ವೇತನ ಕಾನೂನಿಗೆ 1966ರಲ್ಲಿ ಆದ ತಿದ್ದುಪಡಿ ವಿರುದ್ಧ ದಿಕ್ಕಿಗೆ ಹೋಯಿತು: ನೌಕರರಿಗೆ ಬರುವ ಟಿಪ್ಸನ್ನು ಕನಿಷ್ಠ ವೇತನದ ಒಂದು ಭಾಗವಾಗಿ ಎಣಿಸಿಕೊಳ್ಳಲು ಅದು ಮಾಲೀಕರಿಗೆ ಅವಕಾಶ ಕೊಟ್ಟಿತು. ಇದರ ಫಲವಾಗಿ ಅಲ್ಲಿ ಒಕ್ಕೂಟ ಸರ್ಕಾರದ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್ ಆಗಿದ್ದರೂ, ಟಿಪ್ಸ್ ಪಡೆಯುವವರಿಗೆ ಮಾಲೀಕರು ಸ್ವತಃ ಕೊಡಬೇಕಾದ ಮೊತ್ತ 1991ರಿಂದ 2.13 ಡಾಲರಿನಲ್ಲೇ ನಿಂತಿದೆ. ಟಿಪ್ಸ್ ಸಾಲದಿದ್ದರೆ ಮಾಲೀಕರು ಕೊರತೆ ತುಂಬಬೇಕು ಎಂಬ ನಿಯಮವಿದೆ, ಆದರೆ ಅದನ್ನು ಕೇಳುವ ಧೈರ್ಯವನ್ನು ಕೆಲಸದ ಭಯದಲ್ಲಿರುವವರಿಂದ ನಿರೀಕ್ಷಿಸಬೇಕಾಗುತ್ತದೆ. ದಯೆಯಾಗಿ ಆರಂಭವಾದದ್ದು ಹೀಗೆ ಕಾನೂನು ಒಪ್ಪಿದ ಸಂಬಳ ಕಡಿತವಾಯಿತು.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಕನ್ನಡಿಗ ತಂದೆತಾಯಿಗಳು ಊಟದ ಬಿಲ್ಲಿನ ಮೇಲೆ ಶೇ 18, ಶೇ 20 ಸೇರಿಸುವುದನ್ನು ಕಂಡು ದಿಗಿಲುಗೊಳ್ಳುವುದು ಸಹಜ. ಇಡ್ಲಿ ದೋಸೆಗೆ ತಾವೇ ಚೀಟಿ ಕೊಂಡು ನಿಂತು ತಿನ್ನುವ ದರ್ಶಿನಿಗಳಲ್ಲಿ ಬೆಳೆದ ಅಭ್ಯಾಸಕ್ಕೆ ಅದು ದುಂದಾಗಿ ಕಾಣುತ್ತದೆ. ಆದರೆ ಆ ವ್ಯವಸ್ಥೆ ತಪ್ಪೆಂದು ತೋರಿಸಲು ಟಿಪ್ಸ್ ಕೊಡದೆ ಎದ್ದುಬಂದರೆ ನಷ್ಟವಾಗುವುದು ವ್ಯವಸ್ಥೆಗಲ್ಲ, ಅಂದು ಬಡಿಸಿದವರಿಗೆ. ಅದೇ ದೇಶದ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್‌ಗಳಂಥ ಕೆಲವು ರಾಜ್ಯಗಳಲ್ಲಿ ಟಿಪ್ಸ್ ಲೆಕ್ಕ ಹಿಡಿಯದೆ ಪೂರ್ತಿ ಕನಿಷ್ಠ ವೇತನ ಕೊಡಬೇಕೆಂಬ ನಿಯಮವಿದೆ. ಫ್ರಾನ್ಸಿನಲ್ಲಿ ಸೇವೆಯ ಬೆಲೆ ಊಟದ ಪಟ್ಟಿಯ ದರದೊಳಗೇ ಸೇರಿರಬೇಕು. ಜಪಾನಿನಲ್ಲಿ ಮೇಜಿನ ಮೇಲೆ ಬಿಟ್ಟ ಚಿಲ್ಲರೆಯನ್ನು ಮರೆತದ್ದೆಂದು ಭಾವಿಸಿ ಹಿಂದಿರುಗಿಸಲು ಓಡಿಬರುವುದುಂಟು. ಸಾಂಪ್ರದಾಯಿಕ ವಸತಿಗೃಹಗಳಲ್ಲಿ ಕೃತಜ್ಞತೆಗಾಗಿ ಕೊಡುವ ಹಣವೂ ಲಕೋಟೆಯೊಳಗೆ ಹೋಗುತ್ತದೆ. ಹೀಗಾಗಿ ಭಕ್ಷೀಸು ಒಂದು ಜನಾಂಗದ ಉದಾರ ಸ್ವಭಾವದ ಅಥವಾ ಜಿಪುಣತನದ ಗುರುತಲ್ಲ. ಸೇವೆಯ ಬೆಲೆಯನ್ನು ಯಾರು, ಯಾವಾಗ, ಯಾವ ದಾಖಲೆಯಲ್ಲಿ ತೆರಬೇಕು ಎಂಬ ಏರ್ಪಾಡಿನ ಗುರುತು.

ಭಕ್ಷೀಸು ಇದ್ದರೆ ಸೇವೆ ಚೆನ್ನಾಗಿರುತ್ತದೆ, ಶ್ರದ್ಧೆಯಿಂದ ದುಡಿದವರಿಗೆ ಪ್ರತಿಫಲ ನೇರವಾಗಿ ಸಿಗುತ್ತದೆ ಎಂಬುದು ಅದರ ಪರವಾದ ಮುಖ್ಯ ವಾದ. ಈ ವಾದವನ್ನು ಕಾಡಿನ ಸಫಾರಿಯಲ್ಲಿ ಪರೀಕ್ಷಿಸಬಹುದು. ಕಬಿನಿಯ ಹಿನ್ನೀರಿನ ಬದಿಯಲ್ಲಿಯೋ ಬಂಡೀಪುರದ ಕುರುಚಲು ಕಾಡಿನಲ್ಲಿಯೋ ಜೀಪು ನಡೆಸುವವರ ನಿಜವಾದ ಕೌಶಲವೆಂದರೆ ಜಿಂಕೆಯ ಎಚ್ಚರಿಕೆಯ ಕೂಗನ್ನು ಗುರುತಿಸುವುದು, ಹೆಜ್ಜೆಗುರುತನ್ನು ಓದುವುದು, ಪ್ರಾಣಿಗೆ ತೊಂದರೆಯಾಗದ ದೂರದಲ್ಲಿ ನಿಲ್ಲುವುದು, ಕಾಡನ್ನು ಪ್ರವಾಸಿಗೆ ಅರ್ಥ ಮಾಡಿಸುವುದು. ಆದರೆ ಪ್ರವಾಸಿಗಳು ಕೈಬಿಚ್ಚುವುದು ಹುಲಿ ಕಂಡ ದಿನ. ಹುಲಿ ಕಾಣದ ದಿನ ಅಷ್ಟೇ ಶ್ರಮಿಸಿದವರಿಗೆ ಏನೂ ಇಲ್ಲ; ಹುಲಿ ದಾರಿಗೆ ಅಡ್ಡ ಬಂದ ದಿನ ಏನೂ ಮಾಡದವರಿಗೂ ನೋಟು. ಬಹುಮಾನ ಶ್ರಮಕ್ಕೆ ಸಲ್ಲದೆ ಅದೃಷ್ಟಕ್ಕೆ ಸಂದಾಗ, ಅದೃಷ್ಟವನ್ನು ಅಟ್ಟಿಸಿಕೊಂಡು ಹೋಗುವ ಒತ್ತಡ ಹುಟ್ಟುತ್ತದೆ. ಒಂದು ಹುಲಿಯ ಸುತ್ತ ಜೀಪುಗಳು ಮುತ್ತುವುದಕ್ಕೆ ಈ ಆಸೆಯೂ ಒಂದು ಕಾರಣ. ಇಂಥ ಕಡೆ ವ್ಯಕ್ತಿಯ ಕೈಗೆ ಕೊಡುವುದಕ್ಕಿಂತ, ಎಲ್ಲ ನೌಕರರಿಗೂ ಹಂಚುವ ಪೆಟ್ಟಿಗೆ ಇದ್ದರೆ ಅದರಲ್ಲಿ, ಹುಲಿ ಕಂಡರೂ ಕಾಣದಿದ್ದರೂ ಒಂದೇ ಮೊತ್ತ ಹಾಕುವುದು ಕಾಡಿಗೂ ಕಾಡಿನವರಿಗೂ ಒಳ್ಳೆಯದು.

ಭಕ್ಷೀಸಿನ ಇನ್ನೊಂದು ದೋಷವೆಂದರೆ ಅದು ಮುಖ ಕಂಡವರಿಗೇ ಸಲ್ಲುವುದು. ಬಾಗಿಲು ತೆರೆಯುವವರು, ಸಾಮಾನು ಹೊರುವವರು, ಬಡಿಸುವವರು ಪ್ರವಾಸಿಯ ಎದುರು ನಿಲ್ಲುತ್ತಾರೆ; ಅವನು ಹೊರಗೆ ಹೋದಾಗ ಹಾಸಿಗೆ ಬದಲಿಸಿ ಶೌಚಾಲಯ ತೊಳೆದವರು, ಒಲೆಯ ಮುಂದೆ ಬೆವರಿದವರು, ಎಂಜಲು ತಟ್ಟೆ ಉಜ್ಜಿದವರು ಅವನಿಗೆ ಕಾಣುವುದೇ ಇಲ್ಲ. ಕಾಣದ ಕೆಲಸ ಮಾಡುವವರಲ್ಲಿ ಹೆಂಗಸರೇ ಹೆಚ್ಚೆಂಬುದನ್ನೂ, ಸ್ವಚ್ಛತೆಯ ಕೆಲಸದಲ್ಲಿ ಜಾತಿಯ ನೆರಳು ಇನ್ನೂ ದಟ್ಟವಾಗಿದೆಯೆಂಬುದನ್ನೂ ಗಮನಿಸಿದರೆ, ಟಿಪ್ಸಿನ ಹಂಚಿಕೆ ಹಳೆಯ ಶ್ರೇಣಿಯನ್ನೇ ಮತ್ತೆ ಬರೆಯುತ್ತಿದೆ ಎನ್ನಬೇಕಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಬದಲಾವಣೆ ಸೇರಿದೆ. 2016ರಲ್ಲಿ ಬಂದ ಯುಪಿಐ ಪಾವತಿ ಸಣ್ಣ ಊರಿನ ಖಾನಾವಳಿಯನ್ನೂ ತಲುಪಿದ ಮೇಲೆ ಬಿಲ್ಲಿನ ಮೊತ್ತ ಪೈಸೆಗೆ ಪೈಸೆ ಮಾಲೀಕರ ಖಾತೆಗೆ ಸೇರುತ್ತದೆ. ಸೋಂಪಿನ ತಟ್ಟೆಯಲ್ಲಿ ಉಳಿಯುತ್ತಿದ್ದ ಚಿಲ್ಲರೆ ಇಲ್ಲವಾಗಿದೆ. ಯಾರೂ ಕಡಿತದ ಆದೇಶ ಹೊರಡಿಸಲಿಲ್ಲ, ಆದರೂ ಮಾಣಿಗಳ ಆದಾಯದ ಒಂದು ಪಾಲು ಸದ್ದಿಲ್ಲದೆ ಕರಗಿತು. ಸಂಬಳವಾಗಿದ್ದರೆ ಹೀಗೆ ಕರಗಲು ಸಾಧ್ಯವಿರಲಿಲ್ಲ.

ಈ ದೋಷಗಳಿಗೆ ಪರಿಹಾರವೆಂಬಂತೆ ಹೋಟೆಲುಗಳು ಬಿಲ್ಲಿನಲ್ಲಿಯೇ ಸೇವಾ ಶುಲ್ಕ ಸೇರಿಸತೊಡಗಿದವು. ಅಡುಗೆಮನೆಯವರಿಗೂ ಪಾಲು ಸಿಗಲಿ ಎಂಬುದೇ ಅದರ ಉದ್ದೇಶವೆಂದು ಅವುಗಳ ಸಂಘಗಳು ವಾದಿಸಿದವು, ಆ ವಾದದಲ್ಲಿ ತಿರುಳಿಲ್ಲವೆನ್ನಲಾಗದು. ಆದರೆ ಗ್ರಾಹಕರ ಒಪ್ಪಿಗೆಯಿಲ್ಲದೆ ಸೇವಾ ಶುಲ್ಕವನ್ನು ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ನಿಲುವು ಸರಿಯಾದದ್ದು, ಏಕೆಂದರೆ ಕಡ್ಡಾಯವಾಗಿ ವಸೂಲು ಮಾಡಿದ್ದು ಭಕ್ಷೀಸಲ್ಲ, ನೌಕರರಿಗೆ ತಲುಪುತ್ತದೆಂಬ ಖಾತರಿಯಿಲ್ಲದ್ದು ಸಂಬಳವೂ ಅಲ್ಲ. ನೌಕರರ ಹಿತವೇ ಗುರಿಯಾಗಿದ್ದರೆ ತಿಂಡಿಯ ದರವನ್ನೇ ಅಷ್ಟು ಹೆಚ್ಚಿಸಿ ಸಂಬಳದ ಪಟ್ಟಿಯಲ್ಲಿ ತೋರಿಸಲು ಅಡ್ಡಿಯೇನೂ ಇಲ್ಲ. ಸ್ವಇಚ್ಛೆಯಿಂದ ಬಂದ ಹಣದ ವಿಷಯದಲ್ಲಿಯೂ ಕಾನೂನಿಗೆ ಕೆಲಸವಿದೆ: ಬ್ರಿಟನ್ 2023ರಲ್ಲಿ ಮಾಡಿದ, 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಟಿಪ್ಸನ್ನು ಮಾಲೀಕರು ಹಿಡಿದಿಟ್ಟುಕೊಳ್ಳುವಂತಿಲ್ಲ, ಅದನ್ನು ನ್ಯಾಯವಾಗಿ ಹಂಚಲೇಬೇಕು.

ಭಕ್ಷೀಸು ಮಾಮೂಲಾಗಿ ಕೆಡುವುದು ಎರಡು ಬಗೆಯಲ್ಲಿ. ಮೊದಲನೆಯದು, ಕೆಲಸಕ್ಕೆ ಮೊದಲೇ ಕೇಳುವುದು. ಕ್ಯಾಬ್ ಆ್ಯಪ್‌ಗಳು ಬೇಗ ಗಾಡಿ ಸಿಗಬೇಕಾದರೆ ಮುಂಗಡ ಟಿಪ್ಸ್ ಸೇರಿಸಿ ಎಂದು ಪ್ರಯಾಣಿಕರನ್ನು ಕೇಳತೊಡಗಿದಾಗ 2025ರ ಮೇ ತಿಂಗಳಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆ ಬಗ್ಗೆ ನೋಟಿಸು ಕೊಟ್ಟಿತು. ಸೇವೆಗೆ ಮುಂಚೆ ಕೊಟ್ಟದ್ದು ಮೆಚ್ಚುಗೆಯಾಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಎರಡನೆಯದು, ನಿಯಮ ಮುರಿಯಲು ಕೊಡುವುದು. ಸಫಾರಿಯ ದಾರಿ ಬಿಟ್ಟು ಒಳಗೆ ಕರೆದೊಯ್ಯಲು, ಮುಚ್ಚಿದ ಸ್ಮಾರಕದ ಬಾಗಿಲು ತೆರೆಸಲು, ದರ್ಶನದ ಸಾಲು ದಾಟಲು ಕೈಗೆ ತುರುಕಿದ ನೋಟು ಎಷ್ಟೇ ನಗುನಗುತ್ತಾ ಕೊಟ್ಟರೂ ಲಂಚವೇ. ಅದರ ಹೊರೆ ಆ ಪ್ರವಾಸಿಯ ಮೇಲೆ ಬೀಳದೆ ಕಾಡಿನ ಮೇಲೆ, ಕಲ್ಲಿನ ಮೇಲೆ, ಸಾಲಿನಲ್ಲಿ ನಿಂತ ಬಡವರ ಮೇಲೆ ಬೀಳುತ್ತದೆ.

ಹಾಗಾದರೆ ದುಡಿಯುವವರು ಕೂಲಿಗಿಂತ ಹೆಚ್ಚಿನದನ್ನು ಒಲ್ಲೆನ್ನಬೇಕೇ? ಕನ್ನಡದ ನೆನಪಿನಲ್ಲಿ ಈ ಪ್ರಶ್ನೆಗೆ ಪ್ರಸಿದ್ಧವಾದ ಒಂದು ನಿದರ್ಶನವಿದೆ. ಹನ್ನೆರಡನೆಯ ಶತಮಾನದ ಶರಣ ಪರಂಪರೆಯಲ್ಲಿ ಬರುವಂತೆ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮ ಅದು ತಮ್ಮದಲ್ಲವೆಂದು ಹಿಂದಕ್ಕೆ ಕಳಿಸಿದಳು. ಈ ಕಥೆಯನ್ನು ಕೆಲಸಗಾರರಿಗೆ ಆಸೆ ಸಲ್ಲದೆಂಬ ಉಪದೇಶಕ್ಕೆ ಬಳಸುವವರಿದ್ದಾರೆ. ಅದು ಕಥೆಯನ್ನು ತಲೆಕೆಳಗಾಗಿಸುವ ಓದು. ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ನಿರಾಕರಿಸಬಲ್ಲವಳಾದದ್ದು ಅಂದಿನ ಊಟಕ್ಕೂ ದಾಸೋಹಕ್ಕೂ ಬೇಕಾದ ಅಕ್ಕಿ ಕಾಯಕದಿಂದಲೇ ಬರುತ್ತಿತ್ತು ಎಂಬ ಕಾರಣಕ್ಕೆ. ಅಷ್ಟು ಇಲ್ಲದ ಮನೆಯಲ್ಲಿ ನಿರಾಕರಣೆ ಹಸಿವಾಗುತ್ತಿತ್ತೇ ಹೊರತು ವ್ರತವಾಗುತ್ತಿರಲಿಲ್ಲ. ಬೇಡವೆನ್ನುವ ಬಲ ಇದ್ದವರು ಪಡೆದಾಗ ಮಾತ್ರ ಭಕ್ಷೀಸು ನಿಜವಾದ ಉಡುಗೊರೆ. ಆ ಬಲ ಇಲ್ಲದವರಿಗೆ ಕೊಟ್ಟದ್ದು, ಹೆಸರೇನೇ ಇರಲಿ, ಬೇರೊಬ್ಬರು ಉಳಿಸಿಕೊಂಡ ಸಂಬಳದ ಬಾಕಿ. ಪ್ರವಾಸಿ ಅದನ್ನು ದಯೆಯೆಂದು ಬೀಗದೆ ಬಾಕಿಯೆಂದೇ ತಿಳಿದು ಕೊಡಬೇಕು.

ಈ ತಿಳಿವಳಿಕೆಯಿಂದ ಹೊರಟರೆ ಶಿಷ್ಟಾಚಾರದ ನಿಯಮಗಳು ತಾವಾಗಿಯೇ ರೂಪುಗೊಳ್ಳುತ್ತವೆ. ಮೊದಲನೆಯದು ಚೌಕಾಸಿಯ ಕುರಿತದ್ದು. ಹರಿಗೋಲಿನವರು ಕೇಳಿದ ದರದಲ್ಲಿ ನೂರು ರೂಪಾಯಿ ಇಳಿಸಿ, ದಡ ಸೇರಿದ ಮೇಲೆ ಐವತ್ತು ರೂಪಾಯಿ ಭಕ್ಷೀಸು ಕೊಡುವ ಪ್ರವಾಸಿ ತನ್ನನ್ನು ಉದಾರಿಯೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಅವನು ಐವತ್ತು ರೂಪಾಯಿಯನ್ನು ಉಳಿಸಿಕೊಂಡಿದ್ದಾನೆ, ಇನ್ನೊಂದು ಐವತ್ತನ್ನು ಹಕ್ಕಿನಿಂದ ದಯೆಗೆ ಬದಲಿಸಿದ್ದಾನೆ, ಅದರ ಮೇಲೆ ನಮಸ್ಕಾರವನ್ನೂ ಪಡೆದಿದ್ದಾನೆ. ನ್ಯಾಯವಾದ ದರವನ್ನು ಚೌಕಾಸಿಯಿಲ್ಲದೆ ಕೊಟ್ಟು ಭಕ್ಷೀಸು ಕೊಡದಿರುವುದು ಇದಕ್ಕಿಂತ ಎಷ್ಟೋ ಮೇಲು. ಮಾರ್ಗದರ್ಶಿಗಳ ಶುಲ್ಕಕ್ಕೂ ಇದೇ ಮಾತು: ನಿಗದಿತ ಶುಲ್ಕ ಕೊಡಲು ಹಿಂಜರಿದರೆ, ಆ ಕೊರತೆ ಅಂಗಡಿಗಳ ಕಮಿಷನ್ ಮೂಲಕ ಪ್ರವಾಸಿ ಕೊಳ್ಳುವ ಸೀರೆ, ಗಂಧದ ಬೊಂಬೆಗಳ ಬೆಲೆಯಲ್ಲಿಯೇ ಮರಳಿ ಬರುತ್ತದೆ.

ಎರಡನೆಯದು ಬಾಡಿಗೆ ಗಾಡಿಯ ಚಾಲಕರಿಗೆ ಸಂಬಂಧಿಸಿದ್ದು. ದೂರದ ಪ್ರಯಾಣದಲ್ಲಿ ಚಾಲಕರ ಊಟ ವಸತಿಗಾಗಿ ದಿನಕ್ಕಿಷ್ಟು ಎಂದು ಬಿಲ್ಲಿನಲ್ಲಿ ಸೇರಿಸುವ ಭತ್ಯೆಗೆ ಬಾಟಾ ಎನ್ನುತ್ತಾರೆ. ಪ್ರವಾಸಿ ಕೊಟ್ಟ ಬಾಟಾ ಪೂರ್ತಿಯಾಗಿ ಚಾಲಕರಿಗೆ ಸೇರುತ್ತದೆಯೇ ಎಂದು ವಿಚಾರಿಸುವುದು, ರಾತ್ರಿ ಅವರು ಮಲಗುವುದು ಎಲ್ಲಿ ಎಂದು ಕೇಳುವುದು ಭಕ್ಷೀಸಿಗಿಂತ ಮೊದಲು ಮಾಡಬೇಕಾದ ಕೆಲಸಗಳು. ಆಗುಂಬೆ, ಮಡಿಕೇರಿಗಳ ಚಳಿಯಲ್ಲಿ ಸೀಟು ಬಾಗಿಸಿಕೊಂಡು ಗಾಡಿಯಲ್ಲೇ ರಾತ್ರಿ ಕಳೆದವರು ಮರುದಿನ ಘಟ್ಟದ ತಿರುವುಗಳಲ್ಲಿ ಇಡೀ ಸಂಸಾರದ ಪ್ರಾಣವನ್ನು ಹೊತ್ತು ನಡೆಯಬೇಕು. ಅವರಿಗೆ ಒಂದು ಹಾಸಿಗೆ ಕೊಡಿಸುವುದು ಪ್ರವಾಸದ ಕೊನೆಯಲ್ಲಿ ಕೊಡುವ ಐನೂರು ರೂಪಾಯಿಗಿಂತ ದೊಡ್ಡ ಮರ್ಯಾದೆ. ತಮಿಳುನಾಡು ಸರ್ಕಾರ 2023ರಲ್ಲಿ ಕಟ್ಟಡ ನಿಯಮಗಳನ್ನು ತಿದ್ದಿ, ಅತಿಥಿಗಳ ಚಾಲಕರಿಗೆ ಮಲಗುವ ಕೋಣೆ ಮತ್ತು ಶೌಚಾಲಯ ಒದಗಿಸುವುದನ್ನು ಹೋಟೆಲುಗಳಿಗೆ ಕಡ್ಡಾಯ ಮಾಡಿತು. ಕರ್ನಾಟಕದ ಪ್ರವಾಸಿ ಊರುಗಳಿಗೂ ಇಂಥ ನಿಯಮ ಬೇಕು.

ಉಳಿದ ನಿಯಮಗಳನ್ನು ಚಿಕ್ಕದಾಗಿ ಹೇಳಬಹುದು. ಕೋಣೆ ಶುಚಿಮಾಡುವವರು ಪಾಳಿಯಂತೆ ಬದಲಾಗುವುದರಿಂದ ಅವರಿಗೆ ಕೊಡುವುದನ್ನು ಕೊನೆಯ ದಿನಕ್ಕೆ ಉಳಿಸದೆ ದಿನದಿನವೂ ಕೊಡಬೇಕು, ಅದು ಅವರಿಗಾಗಿಯೇ ಇಟ್ಟದ್ದೆಂದು ತಿಳಿಯುವಂತೆ ಒಂದು ಚೀಟಿ ಬರೆದಿಡಬೇಕು. ಯುಪಿಐ ಕಾಲದಲ್ಲಿಯೂ ಭಕ್ಷೀಸಿಗೆಂದು ಸಣ್ಣ ನೋಟುಗಳನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ನಾಲ್ವರ ಎದುರು ಎಣಿಸಿ ಕೊಡಬಾರದು. ಕೊಡುವಾಗ ಹೆಸರು ಕೇಳಿ ಹೆಸರಿನಿಂದ ಕರೆಯಬೇಕು. ಶಾಲೆ ಬಿಟ್ಟು ಸಾಮಾನು ಹೊರಲು ಬಂದ ಮಕ್ಕಳಿಗೆ ಹಣ ಕೊಡುವುದು ಆ ಮಕ್ಕಳನ್ನು ಮತ್ತೆ ಅಲ್ಲಿಗೇ ಕರೆತರುತ್ತದೆ, ಆದ್ದರಿಂದ ಕೊಡಬಾರದು. ಸೇವೆಯಲ್ಲಿ ಕೊರತೆ ಕಂಡರೆ ಅದನ್ನು ಮಾತಿನಲ್ಲಿ ಹೇಳಬೇಕೇ ಹೊರತು ಟಿಪ್ಸ್ ತಡೆದು ಶಿಕ್ಷಿಸಬಾರದು. ತಡವಾದ ಊಟಕ್ಕೆ ಕಾರಣ ಬಡಿಸುವವರಾಗಿರದೆ ಸಾಕಷ್ಟು ಜನರನ್ನು ನೇಮಿಸದ ಮಾಲೀಕರಾಗಿರಬಹುದು.

ಪ್ರವಾಸಿಗಳು ಹೀಗೆ ಕೊಡುತ್ತಲೇ ಹೋದರೆ ಮಾಲೀಕರು ಸಂಬಳ ಹೆಚ್ಚಿಸುವ ಅಗತ್ಯವನ್ನೇ ಕಾಣುವುದಿಲ್ಲ ಎಂಬ ಆಕ್ಷೇಪ ಹಗುರವಾದುದಲ್ಲ. ಅಮೆರಿಕದ ಚರಿತ್ರೆ ಅದನ್ನೇ ಹೇಳುತ್ತದೆ. ಆದರೆ ಅದೇ ಚರಿತ್ರೆ, ಟಿಪ್ಸನ್ನು ನಿಷೇಧಿಸಿದ ಕಾನೂನುಗಳು ಬಿದ್ದುಹೋದವು, ಸಂಘ ಕಟ್ಟಿ ಪಡೆದ ವೇತನದ ಒಪ್ಪಂದ ನಿಂತಿತು ಎಂಬುದನ್ನೂ ಹೇಳುತ್ತದೆ. ಬದಲಾವಣೆ ಬರಬೇಕಾದದ್ದು ಸಂಬಳದ ಕಡೆಯಿಂದ. ಭಕ್ಷೀಸನ್ನು ನಿಲ್ಲಿಸುವುದರಿಂದ ಅಲ್ಲ. ಕನಿಷ್ಠ ವೇತನವನ್ನು ಲಾಡ್ಜು, ಹೋಮ್‌ಸ್ಟೇಗಳ ತನಕ ಜಾರಿಗೊಳಿಸುವುದು, ದೋಣಿ, ಮಾರ್ಗದರ್ಶಿ, ಹಮಾಲಿಗಳ ದರಪಟ್ಟಿಯನ್ನು ಪ್ರತಿ ತಾಣದಲ್ಲಿ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ ಕಾಲಕಾಲಕ್ಕೆ ಪರಿಷ್ಕರಿಸುವುದು, ಋತುವಿಲ್ಲದ ತಿಂಗಳುಗಳಿಗೆ ಸಾಮಾಜಿಕ ಭದ್ರತೆ ಒದಗಿಸುವುದು ಸರ್ಕಾರದ ಹೊಣೆ. ಆ್ಯಪ್ ಆಧಾರಿತ ದುಡಿಮೆಗಾರರ ಕಲ್ಯಾಣಕ್ಕಾಗಿ ಕರ್ನಾಟಕ 2025ರಲ್ಲಿ ಕಾನೂನು ಮಾಡಿರುವುದರಿಂದ, ಪ್ರತಿ ವಹಿವಾಟಿನಿಂದ ಒಂದು ಪಾಲನ್ನು ದುಡಿಯುವವರ ನಿಧಿಗೆ ಸೇರಿಸುವ ದಾರಿ ಈ ನಾಡಿಗೆ ಅಪರಿಚಿತವಲ್ಲ. ಅದನ್ನು ಪ್ರವಾಸೋದ್ಯಮಕ್ಕೂ ವಿಸ್ತರಿಸಿದರೆ ಕಣದಲ್ಲಿ ಅಳೆದುಕೊಡುತ್ತಿದ್ದ ಆಯದ ನಿಶ್ಚಿತತೆ, ಅದರ ಜಾತಿಯ ಸರಪಳಿಯಿಲ್ಲದೆ, ಹೊಸ ರೂಪದಲ್ಲಿ ಮರಳುತ್ತದೆ.

ಆ ದಿನ ಬಂದಾಗ ಭಕ್ಷೀಸು ಅಳಿಯಬೇಕಾಗಿಲ್ಲ. ಮನುಷ್ಯರು ಮನುಷ್ಯರ ಶ್ರಮವನ್ನು ಮೆಚ್ಚಿ ಏನಾದರೂ ಕೊಡಬೇಕೆನ್ನುವುದು ಕೆಟ್ಟ ಆಸೆಯಲ್ಲ. ಆಗ ಮೇಜಿನ ಮೇಲಿಟ್ಟ ನೋಟನ್ನು ಬಡಿಸಿದವರು ಸಂತೋಷದಿಂದ ತೆಗೆದುಕೊಳ್ಳಬಹುದು, ಅಥವಾ ಇರಲಿ ಬಿಡಿ ಎಂದು ನಗುತ್ತಾ ಹಿಂದಕ್ಕೆ ಸರಿಸಬಹುದು. ಎರಡರಲ್ಲಿ ಯಾವುದನ್ನು ಮಾಡಿದರೂ ಅವರ ಮನೆಯ ಒಲೆ ಅಂದು ಉರಿಯುತ್ತಿರುತ್ತದೆ.